ದಾರ ಸುತ್ತಿ ಕತ್ತರಿಸಿದ ತಂತಿ

ಮೊದಲ ಮಹಾಯುದ್ಧ ಮುಗಿದು ಆರು ವರ್ಷವಾಗಿತ್ತು. ಸೌತಾಂಪ್ಟನ್ ಹತ್ತಿರದ ಬಯಲಿನಲ್ಲಿ ಹನ್ನೆರಡು ಜನ ಕೂರುವ ಹೊಸ ವಿಮಾನ ಆ ಬೆಳಿಗ್ಗೆ ಮೊದಲ ಸಲ ಹಾರಬೇಕಿತ್ತು. ಎಂಟಕ್ಕೆ ಪೈಲಟ್ ಡಾಸನ್ ಬಾಲದ ಹತ್ತಿರ ಬಗ್ಗಿ ನೋಡಿದ. ಚುಕ್ಕಾಣಿಯ ಉಕ್ಕಿನ ತಂತಿ ಎರಡು ತುಂಡಾಗಿತ್ತು.

ಒಂಬತ್ತಕ್ಕೆ ಇನ್‌ಸ್ಪೆಕ್ಟರ್ ಪೆನ್‌ಹೇಲ್ ಬಂದ. ಒಂಬತ್ತೂವರೆಗೆ ಅಪರಾಧಿಯೂ ಸಿಕ್ಕಿದ. ಹೋದ ವಾರ ಕೆಲಸ ಕಳೆದುಕೊಂಡ ಎಂಜಿನ್ ಮಿಸ್ತ್ರಿ ಕಾಬ್ಲಿ ಪಬ್ಬಿನಲ್ಲಿ "ಆ ಡಬ್ಬ ಹೇಗೆ ಹಾರತ್ತೋ ನೋಡ್ತೀನಿ" ಅಂದಿದ್ದನಂತೆ. ಅಷ್ಟು ಸಾಕಾಯಿತು. ಹಾರಾಟ ನೋಡಲು ಬೇಲಿಯಾಚೆ ನೆರೆದಿದ್ದ ಊರವರ ಎದುರಿಗೇ ಅವನಿಗೆ ಕೋಳ ಬಿತ್ತು. ಅವನ ಹೆಂಡತಿಯೂ ಅಲ್ಲೇ ಇದ್ದಳು.

"ನಂಗೆ ಎಂಜಿನ್ ಕೆಲಸ ಬಿಟ್ರೆ ಏನೂ ಬರಲ್ಲ ಸಾರ್."

"ಕತ್ತರಿಸೋಕೆ ಏನಪ್ಪಾ ಬರಬೇಕು?" ಪೆನ್‌ಹೇಲ್ ನಕ್ಕ. ಜನರೂ ನಕ್ಕರು.

* * *

ಠಾಣೆಯಲ್ಲಿ ಚಹಾ ಕುಡಿಯುತ್ತ ಪೆನ್‌ಹೇಲ್ ತಾನು ತಂದಿದ್ದ ತಂತಿಯನ್ನು ಮೊದಲ ಸಲ ಸರಿಯಾಗಿ ನೋಡಿದ. ಕತ್ತರಿಸಿದ ಎರಡೂ ತುದಿಗೆ ಮೇಣದ ದಾರ ಒತ್ತಾಗಿ ಸುತ್ತಿತ್ತು. ಚಹಾ ಅಲ್ಲೇ ಬಿಟ್ಟು ಬಯಲಿಗೆ ಓಡಿದ.

"ಕತ್ತರಿಸೋ ಮುಂಚೆ ದಾರ ಸುತ್ತೋದು ಪದ್ಧತಿ ಸಾರ್," ಅಂದ ಡಾಸನ್. "ಇಲ್ದಿದ್ರೆ ತಂತಿಯ ಎಳೆ ಬಿಚ್ಕೊಳ್ಳತ್ತೆ."

"ಹಾಳು ಮಾಡೋಕೆ ಬಂದೋನಿಗೆ ಎಳೆ ಬಿಚ್ಚಿದ್ರೇನಂತೆ? ಇಲ್ಲಿ ತಂತಿ ಕಟ್ಟೋರು ಎಷ್ಟು ಜನ?"

"ಒಬ್ಬರೇ. ಏಮಸ್."

ಮುದುಕ ಏಮಸ್ ರೆಕ್ಕೆಯ ಕೆಳಗೇ ಕೂತಿದ್ದ. ತಂತಿ ಕಂಡೊಡನೆ ತಲೆ ತಗ್ಗಿಸಿದ.

"ಕೈಗೆ ಅಭ್ಯಾಸ ಸಾರ್. ಕೆಡಿಸೋವಾಗ್ಲೂ ನೀಟಾಗೇ ಕೆಡಿಸ್ತು."

"ಯಾಕೆ ಯಜಮಾನ್ರೇ?"

"ಎಡಗಡೆ ರೆಕ್ಕೆ ಬಟ್ಟೆ ಹರಿದು ನೋಡಿ."

ಡಾಸನ್ ಹರಿದ. ಒಳಗೆ ಮರದ ತೊಲೆಯಲ್ಲಿ ಹೆಬ್ಬೆರಳಿನಷ್ಟು ದಪ್ಪದ ತೂತು. ಬೆಣೆ ಹೊಡೆದು ಅಂಟು ಬಳಿದು ಮುಚ್ಚಿತ್ತು. ಡಾಸನ್‌ನ ಮುಖ ಬಿಳುಚಿಕೊಂಡಿತು. ಹಾರಿದ್ದರೆ ಆ ತೊಲೆ ಆಕಾಶದಲ್ಲಿ ಮುರಿಯುತ್ತಿತ್ತು.

"ತಂತಿ ಬಿಗಿಯೋ ಬೋಲ್ಟಿಗೆ ಅಂತ ಅಳತೆ ತಪ್ಪಿ ಕೊರೆದೆ. ನಲವತ್ತು ವರ್ಷ ನನ್ನ ಕೆಲಸಕ್ಕೆ ಯಾರೂ ಬೆರಳು ತೋರಿಸಿಲ್ಲ. ಹೇಳೋಕೆ ಬಾಯೇ ಬರಲಿಲ್ಲ. ತಂತಿ ಕತ್ತರಿಸಿದ್ರೆ ಕಣ್ಣಿಗೆ ಕಾಣತ್ತೆ, ಇವತ್ತು ಹಾರಲ್ಲ, ನಾಳೆ ಧೈರ್ಯ ಮಾಡೋಣ ಅಂದ್ಕೊಂಡೆ."

"ಕಾಬ್ಲಿಗೆ ಕೋಳ ಹಾಕಿದಾಗ ಇಲ್ಲೇ ಇದ್ರಲ್ಲ?"

"ಇದ್ದೆ. ನಾನೂ ನಕ್ಕೆ ಸಾರ್."

* * *

'ಸಾಕ್ಷ್ಯ ಸಾಲದೆ ಬಿಡುಗಡೆ' ಎಂದು ಠಾಣೆಯ ಕಡತದಲ್ಲಿ ಬರೆದ ಪೆನ್‌ಹೇಲ್‌ನ ಕೈ ನಿಂತಿತು. ತನ್ನ ತಪ್ಪು ಮುಚ್ಚಲು ಮುದುಕ ಮಾಡಿದ್ದೂ ಇದೇ ಕೆಲಸ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಬರೆದದ್ದನ್ನು ಹೊಡೆದುಹಾಕಿ 'ತಪ್ಪು ನನ್ನದು' ಎಂದು ಬರೆದ. ಕಾಬ್ಲಿಯನ್ನು ಕೂಡಿಹಾಕಿದ್ದ ಕೋಣೆಯ ಬಾಗಿಲು ತೆಗೆದು ಅದನ್ನೇ ಬಾಯಲ್ಲೂ ಹೇಳಿದ.

"ಇಲ್ಲಿ ಹೇಳಿದ್ರೆ ಯಾರಿಗೆ ಕೇಳತ್ತೆ ಸಾರ್?" ಅಂದ ಕಾಬ್ಲಿ.

ಇಬ್ಬರೂ ಸಂತೆಬೀದಿಯಲ್ಲೇ ಕಾಬ್ಲಿಯ ಮನೆಗೆ ನಡೆದರು. ಜನ ತಿರುಗಿ ತಿರುಗಿ ನೋಡಿದರು. ಕಾಬ್ಲಿಯ ಹೆಂಡತಿ ಹೊಸ್ತಿಲಲ್ಲಿ ನಿಂತು ಪೆನ್‌ಹೇಲ್ ಹೇಳಿದ್ದೆಲ್ಲವನ್ನೂ ಕೇಳಿಸಿಕೊಂಡಳು. ಗಂಡನ ಮಣಿಕಟ್ಟಿನ ಕೆಂಪು ಗುರುತು ನೋಡಿದಳು.

"ಬೆಳಿಗ್ಗೆ ಗಟ್ಟಿಯಾಗಿ ಮಾತಾಡಿದ್ರಿ," ಅಂದಳು ಪೆನ್‌ಹೇಲ್‌ಗೆ. "ಎದುರುಮನೆಯವರು ಈಗಷ್ಟೇ ಕಿಟಕಿ ತೆಗೆದ್ರು. ಇನ್ನೊಂದ್ಸಲ ಹೇಳಿ."

ಪೆನ್‌ಹೇಲ್ ಟೋಪಿ ತೆಗೆದು, ಬೀದಿಯ ಕಡೆ ತಿರುಗಿ, ಇನ್ನೊಂದು ಸಲ ಹೇಳಿದ.