ಸೋಪಿನ ಡಬ್ಬಿಯಲ್ಲಿ ಆರು ಸೆಲ್ಲು

ರಣಹದ್ದಿನ ಗೂಡಿನ ಒಂದೇ ಒಂದು ಫೋಟೋ ಬೇಕಿತ್ತು. ಸಿಕ್ಕರೆ ಅರಣ್ಯ ಇಲಾಖೆ ಕಲ್ಲುಗಣಿಯವರನ್ನು ತಡೆಯುತ್ತದೆ; ಇಲ್ಲದಿದ್ದರೆ ಸೋಮವಾರ ಬೆಟ್ಟಕ್ಕೆ ಮದ್ದಿಡುತ್ತಾರೆ, ಗೂಡು, ಮರಿ ಎಲ್ಲ ಪುಡಿಪುಡಿ. ಹೊರಟವರು ಮೂವರು: ಕ್ಯಾಮೆರಾ ರಿಪೇರಿ ಮಾಡುವ ಅಕ್ಕ, ಫೋಟೋ ತೆಗೆಯುವ ತಮ್ಮ, ಇಬ್ಬರಿಗೂ ಚಿಕ್ಕಂದಿನಲ್ಲಿ ಬಂಡೆ ಹತ್ತಲು ಕಲಿಸಿದ ಸೋದರಮಾವ.

ತಮ್ಮನ ಕ್ಯಾಮೆರಾ ಹಳೆಯದು. ಅದರ ಬ್ಯಾಟರಿ ಈಗ ಯಾವ ಅಂಗಡಿಯಲ್ಲೂ ಸಿಗದು. ಅಕ್ಕ ಬಿಡುವವಳೇ? ಸತ್ತ ಬ್ಯಾಟರಿಯ ಹೊಟ್ಟೆ ಬಗೆದು, ಕವಚವನ್ನಷ್ಟೇ ಉಳಿಸಿ, ಅದಕ್ಕೆ ಎರಡು ವೈರು ಬೆಸೆದಳು. ವೈರಿನ ಇನ್ನೊಂದು ತುದಿ ಸೋಪಿನ ಡಬ್ಬಿಗೆ. ಡಬ್ಬಿಯೊಳಗೆ ಸಾಲಾಗಿ ಆರು ಸೆಲ್ಲು. ಕ್ಯಾಮೆರಾದ ತಳಕ್ಕೆ ತಿರುಪು ಹಾಕಿ ಬಿಗಿದಾಗ ಕೈಗೆ ಒಳ್ಳೆಯ ಹಿಡಿಯೂ ಆಯಿತು. ತಾನು ಚಾರ್ಜ್ ಮಾಡಿದ ಪ್ರತಿ ಸೆಲ್ಲಿಗೂ ಉಗುರುಬಣ್ಣದ ಕೆಂಪು ಚುಕ್ಕೆ ಇಡುವುದು ಅವಳ ರೂಢಿ.

"ಏನೋ, ನಿನ್ನ ಕ್ಯಾಮೆರಾ ಸ್ನಾನಕ್ಕೆ ಹೊರಟಿದ್ಯಾ?" ಎಂದು ಮಾವ ನಕ್ಕರು. "ಭಾರ ನನಗಿರಲಿ ಪುಟ್ಟಿ" ಎಂದು ಕ್ಯಾಮೆರಾದ ಚೀಲವನ್ನೂ ತಾವೇ ಹೊತ್ತರು.

ಗೂಡಿಗೆ ಇದ್ದದ್ದು ಒಂದೇ ದಾರಿ, ಬೆಟ್ಟದ ಹೊಟ್ಟೆಯೊಳಗಿನ ಗುಹೆ. ಮೂವರೂ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಒಳಹೊಕ್ಕರು; ಗಂಟು ಹಾಕುವುದೂ ಬಿಚ್ಚುವುದೂ ಎಂದಿಗೂ ಮಾವನೇ. ಬಾವಲಿಗಳ ಹಿಕ್ಕೆಯ ಘಾಟು ಮೂಗಿಗೆ ಅಡರುತ್ತಿತ್ತು. ಕೆಲವು ಕಡೆ ಮೊಣಕೈ ಊರಿ ತೆವಳಬೇಕು, ಬೆನ್ನಿಗೆ ಚಾವಣಿ ತಾಗುತ್ತದೆ. ಮುಂದೆ ಮಾವನ ಹಣೆದೀಪ ಝಗಝಗ ಉರಿಯುತ್ತಿತ್ತು. ಕೊನೆಗೆ ಗುಹೆ ಕಿಟಕಿಯಂತೆ ತೆರೆದುಕೊಂಡಿತು. ಹೊರಗೆ ನೆಟ್ಟಗಿನ ಪ್ರಪಾತ, ಬೀಸುವ ಗಾಳಿ, ದೂರದ ತಳದಲ್ಲಿ ದಾರದೆಳೆಯಷ್ಟು ಹೊಳೆ. ಕೆಳಗಿನ ಚಾಚುಗಲ್ಲಿನ ಮೇಲೆ ಗೂಡಿತ್ತು.

ತಮ್ಮ ಹಗ್ಗ ಕಟ್ಟಿಕೊಂಡು ಇಳಿದ. ಹಗ್ಗ ಮಾವನ ಕೈಯಲ್ಲಿತ್ತು.

"ಅಕ್ಕಾ! ಆನ್ ಆಗಿ ಸತ್ತೇಹೋಯ್ತು!"

ಕ್ಯಾಮೆರಾವನ್ನು ದಾರದಲ್ಲಿ ಮೇಲೆಳೆದುಕೊಂಡು ಅಕ್ಕ ಡಬ್ಬಿ ಬಿಚ್ಚಿದಳು. ನಾಲ್ಕು ಸೆಲ್ಲಿಗೆ ಕೆಂಪು ಚುಕ್ಕೆ. ಎರಡಕ್ಕೆ ಇಲ್ಲ.

ಚೀಲ ಹೊತ್ತವರು ಯಾರು? ಝಗಝಗ ಉರಿದದ್ದು ಯಾರ ದೀಪ?

"ಮಾವ, ದೀಪ ಕೊಡಿ."

"ಹಗ್ಗ ಹಿಡಿದಿದೀನಲ್ಲ ಪುಟ್ಟಿ…"

ಅವಳೇ ಅವರ ಹಣೆಯಿಂದ ದೀಪ ಕಿತ್ತು ತೆರೆದಳು. ಒಳಗೆ ಎರಡು ಕೆಂಪು ಚುಕ್ಕೆ.

ಮಾವ ತಲೆ ತಗ್ಗಿಸಿದರು. "ಗಣಿಯವರು ಕೆಲಸ ಕೊಡ್ತೀವಿ ಅಂದ್ರು. ಈ ವಯಸ್ಸಲ್ಲಿ ಬೆಟ್ಟ ಹತ್ತಿಸೋಕೆ ನನ್ನ ಯಾರು ಕರೀತಾರೆ? ನೀವು ಖಾಲಿ ಕೈಲಿ ವಾಪಸ್ ಹೋಗಿಬಿಡಲಿ ಅಂತ…"

"ಕದ್ದಿದ್ದನ್ನ ಎಸೆದಾದ್ರೂ ಬಿಡಬಹುದಿತ್ತಲ್ಲ!"

"ಬೆಟ್ಟದಲ್ಲಿ ಏನನ್ನೂ ಎಸೆಯಬಾರದು…"

ಆ ಮಾತನ್ನು ಅವಳಿಗೆ ಕಲಿಸಿದವರೂ ಅವರೇ. ಅವಳಿಗೆ ಅಳು ಒತ್ತರಿಸಿ ಬಂತು. ಅಳಲು ಹೊತ್ತಿಲ್ಲ, ತಮ್ಮ ಬಂಡೆಗೆ ಕಾಲೂರಿ ಹಗ್ಗದಲ್ಲಿ ನೇತಾಡುತ್ತಿದ್ದಾನೆ. ಸೆಲ್ಲು ಬದಲಿಸಿ ಕ್ಯಾಮೆರಾ ಇಳಿಬಿಟ್ಟಳು.

ಕ್ಲಿಕ್. ಕ್ಲಿಕ್. ಕ್ಲಿಕ್.

ತಾಯಿಹದ್ದು ನುಗ್ಗಿ ಬಂತು. ತಮ್ಮ ಬೆದರಿ ಕಾಲು ಜಾರಿದ. ಹಗ್ಗ ಸರ್ರನೆ ಸರಿಯಿತು. ಅಕ್ಕ ಕಿರುಚಿದಳು. ಮಾವ ಕಾಲೂರಿ, ಹಲ್ಲು ಕಚ್ಚಿ ಹಿಡಿದರು. ಅಂಗೈಯ ಚರ್ಮ ಕಿತ್ತು ರಕ್ತ ಸುರಿದರೂ ಬಿಡಲಿಲ್ಲ. ಇಬ್ಬರೂ ಸೇರಿ ತಮ್ಮನನ್ನು ಎಳೆದುಕೊಂಡರು.

ಸೆಲ್ಲುಗಳನ್ನು ದೀಪಕ್ಕೆ ಮರಳಿ ಹಾಕಿ, ಈ ಸಲ ಅದನ್ನು ತನ್ನ ಹಣೆಗೇ ಕಟ್ಟಿಕೊಂಡು ಅಕ್ಕ ಮುಂದೆ ತೆವಳಿದಳು. ಸಂಜೆಗೆ ಮೂವರೂ ಹೊರಬಿದ್ದರು. ಸೆಲ್ಲುಗಳನ್ನು ಮತ್ತೆ ಡಬ್ಬಿಗೆ ಹಾಕಿದಾಗ ಕ್ಯಾಮೆರಾದ ಪರದೆಯಲ್ಲಿ ಬೋಳುಕತ್ತಿನ ಮರಿ ಬಾಯಿ ತೆರೆದು ಕುಳಿತಿತ್ತು. ಇನ್ನೂ ಏನೂ ತಿಳಿಯದ ತಮ್ಮ ಮೈ ನೋವು ಮರೆತು ಕುಣಿದ.

ಅಕ್ಕ ಮಾವನ ಅಂಗೈಗೆ ಬಟ್ಟೆ ಸುತ್ತಿದಳು.

"ಹಗ್ಗ ಬಿಡಲಿಲ್ಲ ನೋಡು ಪುಟ್ಟಿ," ಎಂದರು ಮಾವ ಮೆಲ್ಲಗೆ.

"ಬಿಡಲಿಲ್ಲ ಮಾವ. ಬಿಟ್ಟಿದ್ರೆ ನಿಮ್ಮನ್ನ ದ್ವೇಷಿಸೋದಾದ್ರೂ ಸುಲಭ ಆಗ್ತಿತ್ತು."

ಅವಳ ಸೊಂಟದ ಹಗ್ಗದ ಗಂಟು ಬಿಚ್ಚಲು ಎಂದಿನಂತೆ ಅವರು ಕೈ ಚಾಚಿದರು. ಅವಳು ಒಂದು ಹೆಜ್ಜೆ ಹಿಂದೆ ಸರಿದು, ಗಂಟನ್ನು ತಾನೇ ಬಿಚ್ಚಿಕೊಂಡಳು.