ಸೂರ್ಯನ ಬೆನ್ನು ಹತ್ತಿದ ವಿಮಾನ

ಮಕಾಸರ್ ಪೇಟೆಯಲ್ಲಿ ಸಂಜೆಯ ಆಜಾನ್ ಇನ್ನೂ ಮುಗಿದಿರಲಿಲ್ಲ. ಯಜಮಾನರು ರೋಜಾ ಬಿಡಲೆಂದು ಖರ್ಜೂರ, ಬಾಳೆಹಣ್ಣಿನ ಪಾಯಸ ಹಿಡಿದು ಬಂದ ಕೆಲಸದಾಳು ಸಂಪಾರ ಅಂಗಡಿಯ ಬೀಗ ತೆಗೆದ. ರೇಷ್ಮೆ ಲುಂಗಿಗಳ ರಾಶಿಯ ನಡುವೆ ಹಾಜಿ ಮಕ್ಕುಲಾವು ಬಿದ್ದಿದ್ದರು. ತಲೆ ಒಡೆದಿತ್ತು. ಉಸಿರು ನಿಂತಿತ್ತು, ಮೈ ಇನ್ನೂ ಬಿಸಿಯಿತ್ತು.

ಎತ್ತಲು ಹೋದವನ ಅಂಗಿಯೆಲ್ಲ ರಕ್ತ. ಕೀಲಿಕೈ ಅವನ ಜೇಬಿನಲ್ಲಿ. ನಮ್ಮ ಠಾಣೆಯ ದೊಡ್ಡ ಸಾಹೇಬರಿಗೆ ಇನ್ನೇನು ಬೇಕು? ಅವನನ್ನೇ ಒಳಗೆ ಹಾಕಿಸಿದರು. "ನಾಳೆ ಸಂಜೆ ಕೋರ್ಟಿಗೆ ಕಳಿಸಿ. ಹಬ್ಬಕ್ಕೆ ಮುಂಚೆ ಕೇಸು ಮುಗೀಲಿ."

*

ಮರುದಿನ ಸಂಪಾರನ ಹೆಂಡತಿ ಬಸ್ಸೆ ಠಾಣೆಯ ಮೆಟ್ಟಿಲು ಬಿಟ್ಟು ಕದಲಲಿಲ್ಲ. ತುಂಬು ಗರ್ಭಿಣಿ. ಅವಳನ್ನು ನೋಡಲಾಗದೆ, ಪೇದೆಯಾದ ನಾನು ಒಳಗೆ ಹೊರಗೆ ತಿರುಗುತ್ತಿದ್ದೆ. ಬರಿ ಹೊಟ್ಟೆ ಬೇರೆ ತಾಳ ಹಾಕುತ್ತಿತ್ತು.

"ಕೂತ್ಕೋ ಮಾರಾಯಾ, ನೆಲ ಸವೆದೀತು," ಎಂದರು ಇನ್‌ಸ್ಪೆಕ್ಟರ್ ತೆನ್ರಿ. "ಇನ್ನೊಂದು ಕೀಲಿಕೈ ಯಾರ ಹತ್ರ ಇದೆ?"

"ಹಾಜಿಯವರ ಅಣ್ಣನ ಮಗ ರಿಜಾಲ್ ಹತ್ರ. ಆದ್ರೆ ಅವನು ಆಗ ಪಪುವಾದ ತಮ್ಮನ ಮನೆಯಿಂದ ಬರೋ ವಿಮಾನದಲ್ಲಿದ್ದ, ಮೇಡಂ."

"ಸಂಪಾರ ಯಾಕೆ ಕೊಲ್ತಾನೆ?"

"ಅದೇ ನಾನೂ ಕೇಳೋದು! ಮಕ್ಕಳಿಲ್ಲದ ಹಾಜಿ, ಹಬ್ಬ ಕಳೆದ್ಮೇಲೆ ಅಂಗಡಿ ಸಂಪಾರನಿಗೇ ಅಂತ ಊರಿಗೆಲ್ಲ ಹೇಳಿದ್ರು."

"ಹಾಗಾದ್ರೆ ಆ ವಿಮಾನದವನನ್ನ ಕರಿ."

*

ರಿಜಾಲ್ ಕಣ್ಣೊರೆಸುತ್ತ ಬಂದ. ಟಿಕೆಟ್ ಮೇಜಿನ ಮೇಲಿಟ್ಟ.

"ಪಪುವಾದ ಜಯಾಪುರದಲ್ಲಿ ನಾಲ್ಕಕ್ಕೆ ಹೊರಟ್ವಿ. ಮೂರೂಕಾಲು ಗಂಟೆ ಹಾರಾಟ. ಇಲ್ಲಿನ ಗಡಿಯಾರ ಒಂದು ಗಂಟೆ ಹಿಂದೆ ಅಲ್ವಾ? ಇಳಿದಾಗ ಆರೂಕಾಲು."

"ಲೆಕ್ಕ ಸರಿ ಇದೆ," ಎಂದರು ತೆನ್ರಿ. "ಪಾಪ, ರೋಜಾ ಎಲ್ಲಿ ಬಿಟ್ರಿ?"

"ದಾರಿ ಮಧ್ಯೆ, ವಿಮಾನದಲ್ಲೇ. ಕಿಟಕಿ ಆಚೆ ಕತ್ತಲು. ಗಗನಸಖಿ ಖರ್ಜೂರ ಹಂಚಿದಳು, ಎಲ್ರೂ ಒಟ್ಟಿಗೆ ಬಿಟ್ವಿ."

ತೆನ್ರಿ ಪಕ್ಕದ ಕೋಣೆಗೆ ಹೋಗಿ ಯಾರಿಗೋ ಫೋನು ಮಾಡಿ ಬಂದರು. ನನ್ನ ಕೈಗೆ ದಾರದ ಒಂದು ತುದಿ ಕೊಟ್ಟರು. "ಗೋಡೆಯ ನಕ್ಷೆಯಲ್ಲಿ ಜಯಾಪುರದ ಮೇಲೆ ಒತ್ತಿ ಹಿಡಿ." ಇನ್ನೊಂದು ತುದಿಯನ್ನು ಮಕಾಸರ್‌ಗೆ ಎಳೆದರು.

"ಎರಡು ಸಾವಿರದ ಮುನ್ನೂರು ಕಿಲೋಮೀಟರ್. ಎಲ್ಲ ಪಶ್ಚಿಮಕ್ಕೆ. ದೂರ ಅಳೆದೆ, ಹೊತ್ತು ಅಳೆದೆ, ಸೂರ್ಯನನ್ನ ಮರೆತೆಯಲ್ಲೋ ರಿಜಾಲ್!"

"ಏನು ಮೇಡಂ?" ಎಂದ ರಿಜಾಲ್.

"ನೆಲದ ಮೇಲೆ ಜಯಾಪುರದಲ್ಲಿ ಆರಕ್ಕೆ ಮುಂಚೆ ಕತ್ತಲಾಗತ್ತೆ. ಆ ಲೆಕ್ಕದಲ್ಲಿ ಬಾಯಿಬಿಟ್ಟೆ. ಆದ್ರೆ ವಿಮಾನ ಸೂರ್ಯನ ಬೆನ್ನು ಹತ್ತಿ ಓಡ್ತಿತ್ತು. ಇಲ್ಲಿ ಇಳಿಯೋಕೆ ಶುರು ಮಾಡೋವರೆಗೂ ಕಿಟಕಿಯಲ್ಲಿ ಬಿಸಿಲಿತ್ತು. ಬಿಸಿಲಲ್ಲಿ ರೋಜಾ ಬಿಡೋರುಂಟಾ? ಈಗಷ್ಟೇ ಆ ಗಗನಸಖಿಯನ್ನ ಕೇಳಿದೆ. ಖರ್ಜೂರ ಹಂಚಿದ್ದು ವಿಮಾನದಲ್ಲಲ್ಲ, ಇಳಿದ ಮೇಲೆ ನಿಲ್ದಾಣದಲ್ಲಿ, ಪೆಟ್ಟಿಗೆಗಳಿಗೆ ಕಾಯೋವಾಗ."

ರಿಜಾಲ್ ಟಿಕೆಟ್ ಎತ್ತಿ ಜೇಬಿಗೆ ಹಾಕಿಕೊಳ್ಳಹೋದ.

"ನಿನ್ನ ಗುರುತಿನ ಚೀಟಿ ಹಿಡಿದು ಬಂದದ್ದು ಯಾರು? ನಿನ್ನದೇ ಪಡಿಯಚ್ಚಿನಂತಿರೋ ಆ ತಮ್ಮನಾ?"

ಅವನು ಬಾಗಿಲ ಕಡೆ ನೋಡಿದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗಾಯಿತು. ಬಂದರಿನ ಲಾಡ್ಜಿನಿಂದ ತಮ್ಮನನ್ನು ಎಳೆದು ತಂದೆವು. ಗದರುವ ಮೊದಲೇ ಎಲ್ಲ ಕಕ್ಕಿದ. ಅಂಗಡಿ ಕೈತಪ್ಪುತ್ತದೆಂದು ಅಣ್ಣ ಚಿಕ್ಕಪ್ಪನನ್ನು ಮುಗಿಸಿದ್ದ. ತಮ್ಮನಿಂದ ಸೀಟು, ಊಟ, ಪಕ್ಕದವರು ಎಲ್ಲ ಕೇಳಿ ತಿಳಿದಿದ್ದ. ರೋಜಾ ವಿಷಯ ಕೇಳಿರಲಿಲ್ಲ. ತಮ್ಮ ರೋಜಾ ಹಿಡಿಯುವವನೇ ಅಲ್ಲ!

*

ಸಂಪಾರ ಹೊರಬರುವ ಹೊತ್ತಿಗೆ ಆಜಾನ್ ಕೂಗಿತು. ಬಸ್ಸೆ ಅವನ ಅಂಗೈಯಲ್ಲಿ ಖರ್ಜೂರ ಇಟ್ಟಳು. ಅವನು ಅದನ್ನೇ ನೋಡುತ್ತ ಕೂತ.

"ಯಜಮಾನರು ಹಸಿದುಕೊಂಡೇ ಹೋದ್ರು ಕಣೇ."

"ಗೊತ್ತು. ಅವರ ಪಾಲಿಂದೂ ಸೇರಿಸಿ ತಿನ್ನು."

ಅವನು ಅಳುತ್ತಲೇ ತಿಂದ. ಆಮೇಲೆ ನಾವೂ ತಿಂದೆವು.