ಮುಖವಿಲ್ಲದ ಫೋಟೊ

“ನನ್ನನ್ನ ಅಳಿಸಿ! ಈಗಲೇ!”

ಕೈಗಡಿಯಾರ ರಿಪೇರಿಯವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯ ಸಮೇತ ತಲೆ ಎತ್ತಿದ. ಎದುರು ಅಂಗಡಿಯ ಟೈಲರ್ ಹೆಂಗಸು! ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಫೋನು.

“ಅಂಗಡಿ ಫೋಟೊ ಅಂತ ಇಂಟರ್ನೆಟ್ಟಲ್ಲಿ ಹಾಕಿದೀರಲ್ಲ... ಗಾಜಲ್ಲಿ ನೋಡಿ. ಅದು ನಾನು!”

ಫೋಟೊದಲ್ಲಿ ಅಂಗಡಿ ಗಾಜಿನ ಮೇಲೆ ಮೂಡಿದ್ದ, ಕಡಲೆಕಾಳಿನಷ್ಟು ಮುಖ. ಬೇರೆ ಯಾರಾದರೂ ನಕ್ಕುಬಿಡುತ್ತಿದ್ದರು. ಅವನು ಏಕೆಂದೂ ಕೇಳದೆ ಅವಳ ಕಣ್ಣೆದುರೇ ಅಳಿಸಿದ.

ಕೇಳದೇ ಇದ್ದದ್ದೇ ಅವಳಿಗೆ ಹಿಡಿಸಿತು. ಅವಳ ಮನಸ್ಸು ಜಾರಿದ್ದು ಅಲ್ಲೇ, ಪಾಪ. ಒಪ್ಪಿಕೊಳ್ಳಲು ಮಾತ್ರ ಎಂಟು ತಿಂಗಳು ಬೇಕಾಯಿತು.

ಅವನೋ, ಗಟ್ಟಿಯಾಗಿದ್ದ ಗುಂಡಿಗಳನ್ನೇ ಕಿತ್ತುಕೊಂಡು ಹೊಲಿಸಲು ಬರತೊಡಗಿದ.

“ಊರಲ್ಲೆಲ್ಲ ಗುಂಡಿ ಕಿತ್ತೋಗೋದು ಇವನೊಬ್ಬನ ಶರ್ಟಿಗೇ ನೋಡೇ!” ಎಂದು ಹೊಲಿಗೆ ಅಂಗಡಿಯ ಒಡತಿ ಅಕ್ಕ ರೇಗಿಸುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಎಲ್ಲವನ್ನೂ ಹೇಳಿಬಿಟ್ಟಳು. ಅವಳು ಬಿಟ್ಟು ಬಂದಿದ್ದ ಗಂಡ. ಅವಳ ಫೋನಿನಲ್ಲಿ ಅವನು ಗುಟ್ಟಾಗಿ ಹಾಕಿದ್ದ ಆ್ಯಪ್. ಅಮ್ಮನಿಗೆ ಕಳಿಸಿದ ಮೆಸೇಜನ್ನೂ ಊಟಕ್ಕೆ ಕೂತಾಗ ಅವನು ಓದಿ ಹೇಳುತ್ತಿದ್ದದ್ದು...

“ನಂದು ಅಂತ ಒಂದು ಮಾತೂ ಉಳಿದಿರ್ಲಿಲ್ಲ. ಇದು ನಂಗೆ ಮೂರನೇ ಊರು. ನಂಬರು ಬದಲಾಯ್ಸಿದೀನಿ, ಎಲ್ಲೂ ಫೋಟೊ ಇಲ್ಲ. ಆದ್ರೂ ಹುಡುಕ್ತಾನೇ ಇದಾನೆ.”

“ನಿಮ್ಮ ಮುಖ, ನಿಮ್ಮ ಹೆಸರು ನನ್ನಿಂದ ಎಲ್ಲೂ ಹೋಗಲ್ಲ. ಆಣೆ.”

ಅವನು ಆಣೆಗೆ ತಪ್ಪಲೂ ಇಲ್ಲ. ದುರಂತ ಅಲ್ಲೇ ಇತ್ತು.

ಆ ವಾರ ಅವಳು ತೀರಿಹೋದ ಅಪ್ಪನ ಕೈಗಡಿಯಾರವನ್ನು ಅವನಿಗೆ ರಿಪೇರಿಗೆ ಕೊಟ್ಟಳು. ಏಳರ ಅಂಕಿ ಅಳಿಸಿಹೋಗಿತ್ತು. ಅಲ್ಲಿ ಅಪ್ಪ ಕೆಂಪು ಶಾಯಿಯ ಚುಕ್ಕೆ ಇಟ್ಟಿದ್ದರು. ಬಿಚ್ಚುವ ಮೊದಲು ಪ್ರತಿ ಗಡಿಯಾರದ ಫೋಟೊ ತೆಗೆಯುವುದು ಅವನ ರೂಢಿ. ಜೋಡಿಸುವಾಗ ಬೇಕಲ್ಲ! ಚಂದ ಕಂಡದ್ದನ್ನು ಗಡಿಯಾರಪ್ರಿಯರ ಪೇಜಿಗೆ ಹಾಕುವುದೂ ರೂಢಿಯೇ. ಇದನ್ನೂ ಹಾಕಿದ. ಕೆಳಗೆ ಯಾರೋ, ‘ತುಂಬಾ ಚೆನ್ನಾಗಿದೆ. ನಿಮ್ಮ ಅಂಗಡಿ ಎಲ್ಲಿ?’ ಎಂದು ಕೇಳಿದ್ದರು. ಹೊಸ ಗಿರಾಕಿಯೆಂದು ಹಿಗ್ಗಿ, ವಿಳಾಸ ಬರೆದ.

ನಾಲ್ಕನೇ ದಿನ ಅವಳು ನೂಲು ತರಲು ಹೋಗಿದ್ದಾಗ ಅಕ್ಕನ ಫೋನು ಬಂತು.

“ನಿನ್ನ ಗಂಡ ಅಂತೆ ಕಣೇ. ನಿನ್ನ ಮದುವೆ ಫೋಟೊ ಹಿಡ್ಕೊಂಡು ನಮ್ಮ ಸಾಲಿನ ಅಂಗಡೀಲೆಲ್ಲ ಕೇಳ್ತಿದ್ದ. ನಾನು ಗೊತ್ತಿಲ್ಲ ಅಂದೆ. ಪಕ್ಕದ ಅಂಗಡಿಯೋರು ಬಾಯಿಬಿಟ್ರು. ಸಂಜೆ ಬರ್ತಾನಂತೆ.”

ಅವಳು ನೂಲನ್ನು ಅಲ್ಲೇ ಬಿಟ್ಟು ಓಡಿದಳು. ‘ಇಲ್ಲಿ ನನ್ನ ಕಥೆ ಗೊತ್ತಿರೋದು ಒಬ್ಬನಿಗೆ!’

ಹಿಂದಿನ ಬಾಗಿಲಿನಿಂದ ಅವನ ಅಂಗಡಿಗೆ ನುಗ್ಗಿದಳು. “ನನ್ನ ಮಾರಿಬಿಟ್ರಲ್ಲ!”

“ಏನು... ಏನಾಯ್ತು?”

“ಅವನು ಬಂದಿದಾನೆ!”

ಅವನ ಕಣ್ಣು ಮೇಜಿನ ಮೇಲಿದ್ದ ಕೈಗಡಿಯಾರದ ಕಡೆ ಹೋಯಿತು. ಮುಖ ಸುಣ್ಣದಂತಾಯಿತು. ಆ ಪೇಜನ್ನು ತೆರೆದು, ಫೋಟೊದ ಕೆಳಗೆ ತಾನೇ ಬರೆದಿದ್ದ ವಿಳಾಸವನ್ನು ತೋರಿಸಿದ.

“ಮುಖ ಇರ್ಲಿಲ್ಲ, ಹೆಸರಿರ್ಲಿಲ್ಲ... ಬರೀ ಗಡಿಯಾರ ಅಂದ್ಕೊಂಡೆ. ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ಕೇಳ್ಲಿಲ್ಲ.”

ಅವಳು ಆ ಕೆಂಪು ಚುಕ್ಕೆಯನ್ನೇ ನೋಡಿದಳು. ಒಂಬತ್ತು ವರ್ಷ ಒಂದೇ ಮನೆಯಲ್ಲಿ ಆ ಗಡಿಯಾರವನ್ನು ಕಂಡಿದ್ದ ಗಂಡನಿಗೆ ಅಷ್ಟು ಸಾಕಾಗಿತ್ತು. ಅವಳ ಕೋಪ ಇಳಿದುಹೋಯಿತು. ಇಳಿಯದೇ ಇದ್ದಿದ್ದರೆ ಚೆನ್ನಾಗಿತ್ತೇನೋ. ದ್ವೇಷಿಸಿ ಹೋಗುವುದು ಎಷ್ಟೋ ಸುಲಭ!

“ಪೊಲೀಸರಿಗೆ ದೂರು ಕೊಡೋಣ,” ಎಂದ.

“ಎರಡು ಊರಲ್ಲಿ ಕೊಟ್ಟಾಯ್ತು. ಗಂಡ ಹೆಂಡ್ತಿ ಜಗಳ ಅಂದ್ರು.”

ಅರ್ಧ ಗಂಟೆಯಲ್ಲಿ ಅವಳು ಒಂದೇ ಚೀಲ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿದ್ದಳು. ಅವನು ಗಡಿಯಾರವನ್ನು ಜೋಡಿಸಿ ತಂದಿದ್ದ.

“ನಾನೂ ಬರ್ತೀನಿ.”

“ನಿಮ್ಮ ಅಂಗಡಿ, ನಿಮ್ಮ ನಂಬರು, ನಿಮ್ಮಮ್ಮನ ಮನೆ ಎಲ್ಲಾ ಇಂಟರ್ನೆಟ್ಟಲ್ಲಿದೆ ಕಣ್ರೀ. ನಿಮ್ಮನ್ನ ಹುಡುಕಿದ್ರೆ ನಾನು ಸಿಕ್ತೀನಿ.”

“ಫೋನು?”

“ಬೇಡ.”

“ಬದುಕಿದೀನಿ ಅಂತ ಒಂದು ಕಾಗದ?”

ಅವಳು ಬೇಡವೆಂದು ತಲೆಯಾಡಿಸಿದಳು. ಕಣ್ಣು ತುಂಬಿ ಬಂತು. “ನಿಮ್ಮನ್ನ ಕಂಡ್ರೆ ನಂಗೆ ಪ್ರಾಣ. ಹೇಳ್ದೇ ಹೋಗ್ಬಾರ್ದು ಅನ್ನಿಸ್ತು.”

ಅವನು ಗಡಿಯಾರವನ್ನು ಅವಳ ಕೈಗೆ ಕಟ್ಟಿದ. ಕಂಡಕ್ಟರ್ ಸೀಟಿ ಊದಿದ. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ಅವನು ಓಡಿ ಬಂದು ಸರಳು ಹಿಡಿದ.

“ನಾನು ಕಾಯಲಾ? ಈ ಸಲ ಕೇಳ್ತಾ ಇದೀನಿ.”

‘ಬೇಡ’ ಅನ್ನಬೇಕಿತ್ತು. ಈ ಊರಿಗೆ ಇನ್ನೆಂದೂ ಬರಲಾಗದೆಂದು ಅವಳಿಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು.

“ಬೇಡ ಅಂದ್ರೆ?”

“ಬಿಡ್ತೀನಿ.”

ಬಸ್ಸು ಹೊರಟಿತು. ಸರಳಿನ ಮೇಲಿದ್ದ ಅವನ ಬೆರಳುಗಳನ್ನು ಅವಳೇ ಒಂದೊಂದಾಗಿ ಬಿಡಿಸಿದಳು.

“ಕಾಯಿರಿ,” ಎಂದಳು.